ವಾಚು ಬಿಚ್ಚಿಟ್ಟ ಮೇಲೆ: ವಿಶ್ವಾಸದಲ್ಲಿ ಮುಪ್ಪು ಕಳೆಯುವವರಿಗೆ ಒಂದಿಷ್ಟು ದಾರಿ

ನಾನು 36 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರಿಟೈರ್ ಆದ ಮಾರನೇ ದಿನ ಎಂದಿನಂತೆ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಸ್ನಾನ ಮಾಡಿದೆ, ತಲೆ ಬಾಚಿಕೊಂಡೆ, ವಾಚು ಕಟ್ಟಿಕೊಂಡೆ. ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಹೋಗಬೇಕಾದ ಜಾಗ ಒಂದೂ ಇರಲಿಲ್ಲ. ಆದರೂ ಆ ವಾಚನ್ನು ಇನ್ನೂ ಎರಡು ತಿಂಗಳು ದಿನಾ ಕಟ್ಟಿಕೊಂಡೇ ಇದ್ದೆ. ನಗಬೇಡಿ.

ಈಗ ನನಗೆ 73. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಮಗ ಅಬುಧಾಬಿಯಲ್ಲಿ, ಮಗಳು ಬೆಂಗಳೂರಿನಲ್ಲಿ, ನಾನು ಮಂಗಳೂರಿನ ಹಂಚಿನ ಮನೆಯಲ್ಲಿ. ನಮ್ಮ ಚರ್ಚಿನ ಸಭೆಯೊಂದರಲ್ಲೇ ಇಂಥ ಮನೆಗಳನ್ನು ಎಣಿಸಲು ಹೋದರೆ ಕೈಬೆರಳು ಸಾಲುವುದಿಲ್ಲ. ಎಲ್ಲರಿಗೂ ಸಿಗುವ ಬುದ್ಧಿಮಾತು ಒಂದೇ: "ಪ್ರಾರ್ಥನೆ ಮಾಡಿ ಅಮ್ಮ, ಸಂತೋಷವಾಗಿರಿ." ಸರಿ, ಆದರೆ ಹೇಗೆ? ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ 16 ಗಂಟೆ ಇದೆಯಲ್ಲ, ಅದನ್ನು ಏನು ಮಾಡುವುದು? ಬಿದ್ದು ಎದ್ದು ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟಂಟ್ ಚರ್ಚಿನವಳು. ಕಥೋಲಿಕರು, ಬೇರೆ ಸಭೆಯವರು ನಿಮ್ಮ ಪದ್ಧತಿಗೆ ಹೊಂದಿಸಿಕೊಳ್ಳಿ.

ನನ್ನ ಕಾಯಿಲೆ ಏನಾಗಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದರೆ ಮಾತ್ರ ನನಗೆ ಬೆಲೆ ಅಂದುಕೊಂಡಿದ್ದೆ. ವಾರ್ಡಿನಲ್ಲಿ "ಸಿಸ್ಟರ್, ಸಿಸ್ಟರ್" ಅಂತ ಕರೆಸಿಕೊಂಡು ಕರೆಸಿಕೊಂಡು ಅದೇ ನನ್ನ ಹೆಸರಾಗಿತ್ತು. ಕರೆಯುವವರಿಲ್ಲದ ದಿನ ನಾನೂ ಇಲ್ಲ ಅನ್ನಿಸಿತು. ಕೆಳಗೆ ಬರೆದದ್ದೆಲ್ಲ ಈ ಒಂದು ಗಂಟನ್ನು ಬಿಚ್ಚಲು ಮಾಡಿದ ಕೆಲಸ.

1. ಮೊದಲು ಡಾಕ್ಟರ ಹತ್ತಿರ ಹೋಗಿ

ಮಾರ್ಗದರ್ಶಿ ಶುರುವಾಗುವುದೇ ಬೈಬಲಿನಿಂದ ಅಂದುಕೊಂಡಿದ್ದಿರಿ ಅಲ್ವಾ? ಬೈಬಲಿನಿಂದಲೇ. 1 ಅರಸುಗಳು 19ನೇ ಅಧ್ಯಾಯ ತೆರೆಯಿರಿ. ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು "ಸಾಕು ಕರ್ತನೇ, ನನ್ನ ಪ್ರಾಣ ತೆಗೆ" ಅನ್ನುತ್ತಾನೆ. ದೇವದೂತ ಬಂದು ಏನು ಮಾಡಿದ? ಪ್ರಸಂಗ, ಅಂದರೆ ಚರ್ಚಿನಲ್ಲಿ ಮಾಡುವಂಥ ಉಪದೇಶ, ಮಾಡಲಿಲ್ಲ. ನಿನಗೆ ವಿಶ್ವಾಸ ಕಡಿಮೆ ಅನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ದನಿ ಕೇಳಿದ್ದು ಆಮೇಲೆ.

ನರ್ಸ್ ಆಗಿ ಹೇಳುತ್ತೇನೆ ಕೇಳಿ. "ಯಾಕೋ ಮನಸ್ಸೇ ಇಲ್ಲ, ದೇವರು ದೂರವಾದ ಹಾಗಿದೆ" ಅನ್ನುವ ಎಷ್ಟೋ ಹಿರಿಯರಿಗೆ ಇರುವುದು ಥೈರಾಯ್ಡ್, ಬಿ12 ಕೊರತೆ, ಇಲ್ಲವೇ ಬಿಪಿ ಮಾತ್ರೆಯಿಂದ ಇಳಿದ ಸೋಡಿಯಂ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಕಿವಿ ತೋರಿಸಿ. ಪ್ರಸಂಗ ಕೇಳಿಸದೆ ಚರ್ಚಿಗೆ ಹೋಗುವುದನ್ನೇ ಬಿಟ್ಟ ಒಬ್ಬರ ಕಿವಿಯಲ್ಲಿ ಇದ್ದದ್ದು ಬರೀ ಗುಗ್ಗೆ. ಕಣ್ಣಿನ ಪೊರೆ ತೆಗೆಸಿಕೊಳ್ಳಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಬದುಕು ಸಾಕು ಅನ್ನಿಸುತ್ತದೆ ಅಂದರೆ ಅದು ಪಾಪವೂ ಅಲ್ಲ, ಅವಿಶ್ವಾಸವೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416, ಫೋನಿಗೆ ದುಡ್ಡು ಹೋಗುವುದಿಲ್ಲ.

ಮಿಕ್ಕ ನೋವು, ಕೀಲು, ಹಲ್ಲು, ಇವನ್ನು ಸ್ವಲ್ಪ ನಗುತ್ತಾ ನೋಡಬಹುದು. ಬೈಬಲಿನ ಪ್ರಸಂಗಿ ಪುಸ್ತಕದ 12ನೇ ಅಧ್ಯಾಯ ಓದಿ, ಮುಪ್ಪಿನ ಮೈಯನ್ನು ಒಗಟಿನ ಹಾಗೆ ಹೇಳಿದೆ. ಬೀಸುವವರು ಕಡಿಮೆಯಾಗಿ ಕೆಲಸ ನಿಲ್ಲಿಸುವುದು ಅಂದರೆ ಹಲ್ಲು. ಕಿಟಕಿಯಿಂದ ನೋಡುವವರು ಮಂಕಾಗುವುದು ಅಂದರೆ ಕಣ್ಣು. ಹಕ್ಕಿ ಕೂಗಿದರೆ ಎಚ್ಚರ, ಎತ್ತರ ಕಂಡರೆ ಹೆದರಿಕೆ. ನಮ್ಮ ಹಿರಿಯರ ಕೂಟದಲ್ಲಿ ಇದನ್ನು ಓದಿದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟೆವು.

2. ದೂರು ಹೇಳಿ, ದೇವರಿಗೇ ಹೇಳಿ

ನಾವು ಹಿರಿಯ ವಿಶ್ವಾಸಿಗಳು ಒಂದು ನಾಟಕ ಆಡುತ್ತೇವೆ. ಹೇಗಿದ್ದೀರಿ ಅಂದರೆ "ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ." ಮನೆಗೆ ಬಂದು ಗೋಡೆ ನೋಡಿಕೊಂಡು ಕೂರುತ್ತೇವೆ. ಬೈಬಲಿನ 71ನೇ ಕೀರ್ತನೆ ಬರೆದವನು ಹಾಗೆ ಆಡಲಿಲ್ಲ. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಶಕ್ತಿ ಕುಂದಿದಾಗ ಕೈಬಿಡಬೇಡ ಅಂತ ನೇರವಾಗಿ ಕೇಳಿದ. ರೂತಳ ಪುಸ್ತಕದ ನೊವೊಮಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬಂದವಳು, ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ ಅಂದಳು. ಮಾರಾ ಅಂದರೆ ಕಹಿ. ಊರ ಹೆಂಗಸರ ಮುಂದೆ ಹೇಳಿದ ಮಾತು ಅದು. ಬೈಬಲ್ ಅದನ್ನು ಅಳಿಸದೆ ಹಾಗೇ ಇಟ್ಟುಕೊಂಡಿದೆ.

ಒಂದು ಹಾಳೆಯ ಮೇಲೆ ನಿಮ್ಮ ದೂರುಗಳನ್ನೆಲ್ಲ ಬರೆಯಿರಿ. ಸಣ್ಣವನ್ನೂ ಬಿಡಬೇಡಿ. ನಾನು ಬರೆದದ್ದು: ಮಗ ಫೋನಿನಲ್ಲಿ ಮಾತಾಡುತ್ತಾ ಟೈಪ್ ಮಾಡುತ್ತಾನೆ. ಒಬ್ಬಳಿಗೆ ಅಂತ ಬಂಗುಡೆ ಸಾರು ಮಾಡಲು ಬೇಜಾರು. ಯಜಮಾನರು ಮಲಗುತ್ತಿದ್ದ ಕಡೆ ಹಾಸಿಗೆ ಇನ್ನೂ ತಗ್ಗಾಗಿದೆ. ಬರೆದು, ಗಟ್ಟಿಯಾಗಿ ದೇವರಿಗೆ ಓದಿ ಹೇಳಿದೆ. ಉತ್ತರ ಬರಲಿಲ್ಲ. ಆದರೆ ಅಂದು ರಾತ್ರಿ ನಿದ್ದೆ ಬಂತು.

3. ದಿನಕ್ಕೆ ಒಂದು ಆಕಾರ ಕೊಡಿ

ಟೀವಿ ಹಾಕುವ ಮೊದಲು ಕೀರ್ತನೆ. ಇದೊಂದು ನಿಯಮ ಸಾಕು. 150 ಕೀರ್ತನೆಗಳನ್ನು ತಿಂಗಳಿಗೊಮ್ಮೆ ಮುಗಿಸುವ ಹಳೆಯ ಲೆಕ್ಕ ಒಂದಿದೆ. ಇವತ್ತಿನ ತಾರೀಕಿನ ಕೀರ್ತನೆ ತೆಗೆಯಿರಿ, ಅದಕ್ಕೆ 30 ಕೂಡಿಸುತ್ತಾ ಹೋಗಿ. ಏಳನೇ ತಾರೀಕು ಅಂದರೆ 7, 37, 67, 97, 127. ಐದು ಕೀರ್ತನೆ. ಐದೂ ಓದಲೇಬೇಕು ಅಂತಿಲ್ಲ. ನಾನು ಬೆಳಿಗ್ಗೆ ಎರಡು, ಸಂಜೆ ದೀಪ ಹಾಕುವಾಗ ಒಂದು ಓದುತ್ತೇನೆ. 29ನೇ ತಾರೀಕಿಗೆ ಮಾತ್ರ ಎಚ್ಚರ, ಅವತ್ತು 119 ಬರುತ್ತದೆ, 176 ವಚನ. ಅದನ್ನು 31ನೇ ತಾರೀಕಿಗೆ ಎತ್ತಿಟ್ಟರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮದುವೆಯಲ್ಲಿ ಕೊಟ್ಟ ಸಣ್ಣ ಅಕ್ಷರದ ಸತ್ಯವೇದವನ್ನೇ ಹಿಡಿದುಕೊಂಡು ಕಣ್ಣು ನೋಯಿಸಿಕೊಳ್ಳಬೇಡಿ. ಅದು ಕಪಾಟಿನಲ್ಲಿರಲಿ. ದೊಡ್ಡ ಅಕ್ಷರದ್ದು ತರಿಸಿ, ಇಲ್ಲವೇ ಮೊಮ್ಮಕ್ಕಳಿಗೆ ಹೇಳಿ ಫೋನಿನಲ್ಲಿ ಕನ್ನಡ ಬೈಬಲ್ ಹಾಕಿಸಿಕೊಳ್ಳಿ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಓದಿ ಹೇಳಿಸಲೂಬಹುದು. ಮೊಣಕಾಲು ಬಗ್ಗದಿದ್ದರೆ ಕುರ್ಚಿಯಲ್ಲಿ ಕೂತೇ ಪ್ರಾರ್ಥನೆ ಮಾಡಿ. ಮೊಣಕಾಲೂರಲೇಬೇಕು ಅಂತ ಹಟ ಹಿಡಿದು, ಎದ್ದೇಳಲಾಗದೆ ಮಂಚದ ಕಾಲು ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದವರನ್ನು ಕಂಡಿದ್ದೇನೆ. ಕಥೋಲಿಕರಿಗೆ ಜಪಸರ ಇದೆ, ನಿದ್ದೆ ಬರದ ರಾತ್ರಿಗೆ ಅದು ಬಹಳ ಒಳ್ಳೆಯದು ಅಂತ ನನ್ನ ಜೊತೆ ಕೆಲಸ ಮಾಡಿದ ಗೆಳತಿ ಹೇಳುತ್ತಾಳೆ. ಕೈಗೂ ಕೆಲಸ, ಬಾಯಿಗೂ ಕೆಲಸ.

4. ಹೆಸರಿನ ಪುಸ್ತಕ

ಇದೊಂದನ್ನು ಮಾತ್ರ ಬಿಡಬೇಡಿ. ಮಿಕ್ಕದ್ದೆಲ್ಲ ಬಿಟ್ಟರೂ ಸರಿ.

ಮನೆಯಲ್ಲಿ ಯಾರೋ ಕೊಟ್ಟ ಹಳೆಯ ಡೈರಿ ಇದ್ದೇ ಇರುತ್ತದೆ. ಪುಟಕ್ಕೆ ಒಂದು ಹೆಸರು ಬರೆಯಿರಿ. ಮಕ್ಕಳು, ಮೊಮ್ಮಕ್ಕಳಿಂದ ಶುರು ಮಾಡಿ ಅಲ್ಲೇ ನಿಲ್ಲಬೇಡಿ. ಹಾಲು ತರುವವನು, ಔಷಧಿ ಅಂಗಡಿಯ ಹುಡುಗಿ, ಪಕ್ಕದ ಮನೆಯವರು, ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬೇಗ ಎದ್ದು ಹೋಗುವವರು. ದಿನಕ್ಕೆ ಒಂದೇ ಪುಟ. ಬೆಳಿಗ್ಗೆ ಆ ಹೆಸರು ಹೇಳಿ ಪ್ರಾರ್ಥಿಸಿ. ಏನು ಕೇಳಬೇಕು ಅಂತ ಗೊತ್ತಾಗದಿದ್ದರೆ ಸುಮ್ನೆ ಹೆಸರು ಹೇಳಿ ಕೂತರೂ ಸಾಕು. ಆಮೇಲೆ ಆಗುವುದಾದರೆ ಅದೇ ದಿನ ಅವರಿಗೆ ಒಂದು ಫೋನ್ ಮಾಡಿ.

ಫೋನ್ ಮಾಡುವುದಕ್ಕೂ ಒಂದು ಕ್ರಮ ಇದೆ, ತಪ್ಪಿ ತಪ್ಪಿ ಕಲಿತೆ. ಐದು ನಿಮಿಷ ಮೀರಬೇಡಿ. "ನೆನಪೇ ಇಲ್ಲ ಅಲ್ವಾ ನಮ್ಮದು?" ಅಂತ ಶುರು ಮಾಡಬೇಡಿ, ಹಾಗೆ ಶುರು ಮಾಡಿದರೆ ಮುಂದಿನ ಸಲ ಎತ್ತುವುದೇ ಇಲ್ಲ. ನಿಮ್ಮ ಮಂಡಿಯ ಸುದ್ದಿ ಕೊನೆಗೆ ಇರಲಿ, ಅದೂ ಅವರು ಕೇಳಿದರೆ. ಒಂದು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಳ್ಳಿ, ಬುದ್ಧಿ ಹೇಳಬೇಡಿ. ಕೇಳಿದ್ದನ್ನು ಆ ಪುಟದಲ್ಲಿ ತಾರೀಕು ಹಾಕಿ ಒಂದು ಸಾಲು ಬರೆಯಿರಿ: ಮಗಳಿಗೆ ಪಿಯುಸಿ ಪರೀಕ್ಷೆ, ಗಂಡನಿಗೆ ಬೈಪಾಸ್. ಮುಂದಿನ ತಿಂಗಳು ಅದೇ ಪುಟ ಬಂದಾಗ "ಮಗಳ ಪರೀಕ್ಷೆ ಹೇಗಾಯಿತು?" ಅಂತ ಕೇಳಬಹುದು. ಇಷ್ಟನ್ನು ನೆನಪಿಟ್ಟುಕೊಂಡು ಕೇಳುವವರು ಇವತ್ತು ಯಾರಿದ್ದಾರೆ ಹೇಳಿ? ಎಲ್ಲರಿಗೂ ಅವಸರ. ಅವಸರ ಇಲ್ಲದವರು ನಾವು ಮಾತ್ರ.

ಲೂಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಅನ್ನಳು ಎಂಬ 84ರ ವಿಧವೆ ಬರುತ್ತಾಳೆ. ಮದುವೆಯಾಗಿ ಏಳೇ ವರ್ಷ ಗಂಡನ ಜೊತೆ ಇದ್ದವಳು. ದೇವಾಲಯ ಬಿಟ್ಟು ಹೋಗದೆ ಉಪವಾಸ, ಪ್ರಾರ್ಥನೆಯಲ್ಲಿ ಇದ್ದಳು. ಇಂಥ ಮುದುಕಿಯನ್ನು ದಿನಾ ನೋಡುತ್ತಿದ್ದವರು ಏನಂದುಕೊಂಡಿರಬಹುದು? ಪಾಪ, ಬೇರೆ ಕೆಲಸ ಇಲ್ಲ ಅಂತ. ಆದರೆ ಜೋಸೆಫ, ಮರಿಯ ಕೂಸು ಯೇಸುವನ್ನು ಎತ್ತಿಕೊಂಡು ಒಳಗೆ ಬಂದ ದಿನ, ಅಷ್ಟು ಜನಸಂದಣಿಯಲ್ಲಿ ಆ ಕೂಸು ಯಾರೆಂದು ಗುರುತು ಹಿಡಿದ ಇಬ್ಬರ ಹೆಸರು ಮಾತ್ರ ಬರೆದಿದೆ. ಒಬ್ಬ ಸಿಮೆಯೋನ, ಇನ್ನೊಬ್ಬಳು ಇವಳು.

5. ಚರ್ಚಿನಲ್ಲಿ ಕೀಲಿಕೈ ಬಿಟ್ಟುಕೊಡಿ

ಇದು ಕೆಲವರಿಗೆ ಖಾರವಾಗಬಹುದು. ಹಿರಿಯರ ಅರ್ಧ ದುಃಖ ಕಮಿಟಿಯಿಂದ ಬರುತ್ತದೆ. ಇಪ್ಪತ್ತು ವರ್ಷ ಸೆಕ್ರೆಟರಿ ಆಗಿದ್ದವರಿಗೆ ಹೊಸಬರು ಏನು ಮಾಡಿದರೂ ತಪ್ಪು. ಗಿಟಾರ್ ತಪ್ಪು, ಪರದೆಯ ಮೇಲೆ ಹಾಡಿನ ಸಾಲು ಹಾಕುವುದು ತಪ್ಪು, "ನಮ್ಮ ಕಾಲದಲ್ಲಿ..." ನಾನೂ ಹಾಗೇ ಇದ್ದೆ. ಬಲಿಪೀಠಕ್ಕೆ ಹೂ ಇಡುವ ಕೆಲಸ ಹನ್ನೆರಡು ವರ್ಷ ನನ್ನದು. ಬೇರೆ ಹುಡುಗಿಯರು ಇಟ್ಟರೆ ಮೆಲ್ಲಗೆ ಹೋಗಿ ಸರಿ ಮಾಡಿ ಬರುತ್ತಿದ್ದೆ. ಒಂದು ದಿನ ಅವರಲ್ಲಿ ಒಬ್ಬಳು ನೋಡಿಬಿಟ್ಟಳು. ಅವಳ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

2 ಸಮುವೇಲ 19ರಲ್ಲಿ ಬರ್ಜಿಲ್ಲೈ ಎಂಬ 80 ವರ್ಷದ ಸಾಹುಕಾರನ ಕಥೆ ಇದೆ. ಪ್ರಸಂಗಗಳಲ್ಲಿ ಕೇಳಿಬರುವುದು ಕಡಿಮೆ. ರಾಜ ದಾವೀದ ಕಷ್ಟದಲ್ಲಿದ್ದಾಗ ಊಟ ಕೊಟ್ಟವನು ಇವನು. ರಾಜ ಅವನನ್ನು ಯೆರೂಸಲೇಮಿಗೆ ಕರೆದ, ನನ್ನ ಜೊತೆ ಇರು, ನೋಡಿಕೊಳ್ಳುತ್ತೇನೆ ಅಂದ. ಬರ್ಜಿಲ್ಲೈ ಏನಂದ ಗೊತ್ತಾ? ನನಗೆ 80 ಆಯಿತು, ಊಟದ ರುಚಿ ತಿಳಿಯುವುದಿಲ್ಲ, ಹಾಡು ಕೇಳಿಸುವುದಿಲ್ಲ, ನಾನು ನಿನಗೆ ಯಾಕೆ ಹೊರೆಯಾಗಲಿ? ಇಗೋ ಕಿಮ್ಹಾಮ್ ಇದ್ದಾನೆ, ಇವನನ್ನು ಕರೆದುಕೊಂಡು ಹೋಗು ಅಂದ. ಆಮೇಲೆ ನದಿಯವರೆಗೆ ಬಂದು ಕಳಿಸಿಕೊಟ್ಟ. ಎಷ್ಟು ಚಂದ! ನಿಮ್ಮ ಕಿಮ್ಹಾಮ್ ಯಾರು ಅಂತ ನೋಡಿ, ಕೆಲಸ ಕಲಿಸಿ, ಕೀಲಿಕೈ ಕೊಟ್ಟು, ಆಮೇಲೆ ತಿದ್ದಲು ಹೋಗಬೇಡಿ.

ಹಾಗಂತ ಚರ್ಚಿನ ಮೂಲೆಯಲ್ಲಿ ಕೂರಬೇಕಾಗಿಲ್ಲ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗಬಹುದು. ಸಂಡೇ ಸ್ಕೂಲಿನಲ್ಲಿ ಕಥೆ ಹೇಳಬಹುದು. ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನ ಅಂತ ಮಾಡಿದರು. ಆ ದಿನ ನಡೆದಾಡಲಾಗದ ಹಿರಿಯರ ಮನೆಗೆ ಹೋಗಿ ಬನ್ನಿ ಅಂತ ಕೇಳಿಕೊಂಡರು. ಪ್ರಾಟೆಸ್ಟಂಟರು ಇದನ್ನು ಎರವಲು ತೆಗೆದುಕೊಂಡರೆ ನಷ್ಟ ಏನೂ ಇಲ್ಲ.

6. ಮೊಮ್ಮಕ್ಕಳಿಗೆ ಉಪದೇಶ ಬೇಡ, ಕಥೆ ಸಾಕು

ಅಪೊಸ್ತಲ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ನಿನ್ನ ವಿಶ್ವಾಸ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿತ್ತು ಅನ್ನುತ್ತಾನೆ. ಅಜ್ಜಿ ಏನು ಮಾಡಿದಳು ಅಂತ ಬರೆದಿಲ್ಲ. ದಿನಾ "ಚರ್ಚಿಗೆ ಹೋದೆಯಾ?" ಅಂತ ಫೋನಿನಲ್ಲಿ ವಿಚಾರಣೆ ಮಾಡಿರಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ನನ್ನ ಮೊಮ್ಮಗನಿಗೆ 14. ವಚನ ಹೇಳಿದರೆ ಕಣ್ಣು ಫೋನಿಗೆ ಹೋಗುತ್ತದೆ. ಆದರೆ ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು ಅಂದಾಗ ತಲೆ ಎತ್ತಿದ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದು, ಕ್ರೈಸ್ತರಾದವರಲ್ಲಿ ಎಷ್ಟೋ ಜನರಿಗೆ ಮನೆ, ಕೆಲಸ ಎರಡೂ ಹೋದದ್ದು, ಹಾಗಾಗಿ ನೇಯ್ಗೆ, ಅಚ್ಚಿನ ಕೆಲಸ, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾದದ್ದು, ಇದೆಲ್ಲ ಹೇಳಿದೆ. ಅಟ್ಟದಿಂದ ಒಂದು ಹಳೆಯ ಹಂಚು ಇಳಿಸಿ, ಹಿಂಬದಿಯ ಅಚ್ಚಿನ ಅಕ್ಷರಗಳ ಮೇಲೆ ಅವನ ಬೆರಳು ಆಡಿಸಿದೆ. "ಅಜ್ಜಿ, ಇವರಿಗೆ ದೇವರ ಮೇಲೆ ಕೋಪ ಬರಲಿಲ್ವಾ?" ಅಂತ ಕೇಳಿದ. ಬಂದಿತ್ತು ಕಣೋ, ಅಂದೆ. ಅವತ್ತು ಒಂದು ಗಂಟೆ ಮಾತಾಡಿದೆವು.

ಮಾಡಬೇಕಾದದ್ದು ಇಷ್ಟು. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು, ವರ್ಷ ಬರೆಯಿರಿ, ನೀವು ಹೋದ ಮೇಲೆ ಗುರುತು ಹಿಡಿಯುವವರು ಯಾರೂ ಇರುವುದಿಲ್ಲ. ವಾರಕ್ಕೆ ಒಂದು ಕಥೆ ಫೋನಿನಲ್ಲಿ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸಿ, ಐದಾರು ನಿಮಿಷದ್ದು. ಗೆದ್ದ ಕಥೆ ಮಾತ್ರ ಬೇಡ. ಪ್ರಾರ್ಥನೆಗೆ ಉತ್ತರ ಸಿಗದ ಕಥೆಯನ್ನೂ ಹೇಳಿ. ಅದನ್ನೇ ಅವರು ನಂಬುತ್ತಾರೆ.

7. ಮಾತು ಬಿಟ್ಟವರು

ನನ್ನ ಅಕ್ಕನೊಂದಿಗೆ ಹನ್ನೊಂದು ವರ್ಷ ಮಾತಿರಲಿಲ್ಲ. ಕಾರಣ, ಗಡಿಯ ಒಂದು ಹಲಸಿನ ಮರ. ಹೆಸರಿನ ಪುಸ್ತಕದಲ್ಲಿ ಅವಳ ಪುಟ ಬಂದಾಗಲೆಲ್ಲ ಮಗುಚಿಹಾಕುತ್ತಿದ್ದೆ. ಕೊನೆಗೆ ಒಂದು ಕಾರ್ಡ್ ಬರೆದೆ, ಯಾರದು ತಪ್ಪು ಅಂತ ಬರೆಯದೆ. ನೀವೂ ಬರೆಯಿರಿ. ಉತ್ತರ ಬಾರದಿದ್ದರೆ ನಿಮ್ಮ ಕೆಲಸ ಮುಗಿಯಿತು. ನನಗೆ ಉತ್ತರ ಬಂತು, ಹಪ್ಪಳದ ಜೊತೆ. ಹಲಸಿನದೇ.

8. ಕಾಗದ ಪತ್ರ

ಇದು ಆತ್ಮೀಕ ವಿಷಯ ಅಲ್ಲ ಅನ್ನುವವರು ಆದಿಕಾಂಡ 49ರ ಕೊನೆ ನೋಡಿ. ಯಾಕೋಬ ಸಾಯುವ ಮೊದಲು ನನ್ನನ್ನು ಯಾವ ಗವಿಯಲ್ಲಿ ಹೂಣಬೇಕು, ಆ ಹೊಲ ಯಾರಿಂದ ಕೊಂಡದ್ದು, ಅಲ್ಲಿ ಈಗಾಗಲೇ ಯಾರ್ಯಾರನ್ನು ಹೂಣಿದೆ, ಎಲ್ಲ ಹೇಳುತ್ತಾನೆ. ಸರ್ವೇ ನಂಬರ್ ಒಂದು ಹೇಳಲಿಲ್ಲ ಅಷ್ಟೇ.

ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಬರೆಯಲು ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಒಂದು ವಿಷಯ ಮರೆಯಬೇಡಿ: ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ವಿಲ್‌ನಲ್ಲಿ ಏನಾದರೂ ಕೊಟ್ಟಿದ್ದರೆ ಅದು ನಿಲ್ಲುವುದಿಲ್ಲ. ಆದ್ದರಿಂದ ಮಗನನ್ನೋ ಅಳಿಯನನ್ನೋ ಸಾಕ್ಷಿ ಮಾಡಬೇಡಿ.

ಬದುಕಿರುವಾಗಲೇ ಮನೆಯನ್ನು ಮಕ್ಕಳ ಹೆಸರಿಗೆ ಮಾಡುವವರು ತಡೆದು ಯೋಚಿಸಿ. ಮಾಡಲೇಬೇಕಾದರೆ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿ, ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಆ ಪತ್ರ ರದ್ದು ಮಾಡಿಸಲು ದಾರಿ ಇದೆ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಏನೂ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಮಕ್ಕಳ ಮೇಲೆ ದೂರು ಕೊಡುವುದು ಕ್ರೈಸ್ತರಿಗೆ ತಕ್ಕದ್ದಾ ಅಂತ ಕೆಲವರು ಕೇಳುತ್ತಾರೆ. ತಂದೆ ತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆ ಮಕ್ಕಳಿಗೆ ಕೊಟ್ಟದ್ದು ಅಲ್ವಾ?

ಅದೇ ಫೈಲಿನಲ್ಲಿ ನಿಮ್ಮ ಅಂತ್ಯಕ್ರಿಯೆಗೆ ಯಾವ ಹಾಡು ಬೇಕು ಅಂತಲೂ ಬರೆದಿಡಿ. ನಾನು ಮೂರು ಬರೆದಿದ್ದೇನೆ. ನನಗೆ ಸೇರದ ಒಂದು ಹಾಡಿನ ಹೆಸರನ್ನೂ ಬರೆದು, ಇದು ಬೇಡ ಅಂತ ಕೆಳಗೆ ಗೆರೆ ಎಳೆದಿದ್ದೇನೆ.

9. ಮಾಡಿಸಿಕೊಳ್ಳುವುದನ್ನು ಕಲಿಯಿರಿ

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. ಯೋಹಾನ 21ರಲ್ಲಿ ಯೇಸು ತಮ್ಮ ಶಿಷ್ಯ ಪೇತ್ರನಿಗೆ ಹೇಳುತ್ತಾರೆ: ಹರೆಯದಲ್ಲಿ ನೀನೇ ನಡುಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೆ, ಮುದುಕನಾದಾಗ ಕೈ ಚಾಚುವೆ, ಬೇರೊಬ್ಬನು ನಿನ್ನ ನಡುವನ್ನು ಕಟ್ಟುವನು. ಪೇತ್ರನ ಸಾವಿನ ಬಗ್ಗೆ ಹೇಳಿದ ಮಾತು ಅದು ಅಂತ ಅಲ್ಲೇ ಬರೆದಿದೆ. ಆದರೆ ಹೋದ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಾಗ ನನಗೆ ಬೇರೆ ಅರ್ಥ ಹೊಳೆಯಲಿಲ್ಲ.

ಆರು ವಾರ ಪ್ಲಾಸ್ಟರ್. ಎಷ್ಟು ಜನರಿಗೆ ಮೈ ಒರೆಸಿದ್ದೇನೆ, ಬೆಡ್‌ಪ್ಯಾನ್ ಇಟ್ಟಿದ್ದೇನೆ, ಲೆಕ್ಕವಿಲ್ಲ. ಈಗ ನನ್ನ ರವಿಕೆಯ ಗುಂಡಿ ನನಗೇ ಹಾಕಲು ಬಾರದು. ಮಗಳು ಒಂದು ವಾರ ರಜೆ ಹಾಕಿ ಬಂದು ಹೋದಳು. ಆಮೇಲೆ ಪಕ್ಕದ ಮನೆಯ ಸೊಸೆ ಬರತೊಡಗಿದಳು. ಹೆಸರಿನ ಪುಸ್ತಕದಲ್ಲಿ ಒಂಬತ್ತನೇ ಪುಟ ಅವಳದು. ಮೊದಲ ದಿನ "ಬೇಡಮ್ಮ, ನಾನೇ ಮಾಡಿಕೊಳ್ಳುತ್ತೇನೆ" ಅಂದೆ. ಎರಡನೇ ದಿನವೂ ಅಂದೆ. ಮೂರನೇ ದಿನ ಅವಳು ಕೇಳಲೇ ಇಲ್ಲ, ಬಾಚಣಿಗೆ ಹಿಡಿದುಕೊಂಡು ಹಿಂದೆ ಬಂದು ನಿಂತಳು.

"ಆಂಟಿ, ಸುಮ್ನೆ ಕೂತ್ಕೊಳ್ಳಿ. ಜಡೆನಾ, ತುರುಬಾ?"

"ಜಡೆ" ಅಂದೆ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಮೆಲ್ಲಗೆ ಹೆಣೆದಳು. ಎಲ್ಲೂ ಎಳೆಯಲಿಲ್ಲ. ಚಿಕ್ಕವಳಿದ್ದಾಗ ನಮ್ಮಮ್ಮ ಹಾಕುತ್ತಿದ್ದ ಹಾಗೆ ತುದಿಗೆ ರಿಬ್ಬನ್ ಕಟ್ಟಲಾ ಅಂತ ಕೇಳಿದಳು. ಕಟ್ಟು ಅಂದೆ.